ಆನ್ಯೊ ನುಯೇವೊದ ಆನೆ ಸೀಲ್ ನಡಿಗೆ: ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಬಹುದೇ?

ತುಂಗಾತೀರ (ಸನಿವೇಲ್)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ, ಮಾವ ಡಿಸೆಂಬರ್ ಕೊನೆಯಲ್ಲಿ ಶಿವಮೊಗ್ಗದಿಂದ ಬರುತ್ತಿದ್ದಾರೆ. ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಮಾಂಟೆರೆಯ ಮತ್ಸ್ಯಾಲಯ ಇವೆಲ್ಲ ಅವರು ಹಿಂದೆ ಬಂದಾಗಲೇ ಆಗಿವೆ. ಮಾವನವರು ಪಶುಸಂಗೋಪನಾ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಟ್ಟಡಗಳಿಗಿಂತ, ಅಂಗಡಿಗಳಿಗಿಂತ ಪ್ರಾಣಿಗಳನ್ನು ನೋಡುವುದರಲ್ಲಿಯೇ ಅವರಿಗೆ ಆಸಕ್ತಿ. ಆದ್ದರಿಂದ ಈ ಸಲ ಇಲ್ಲಿನ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ, ಹೆದ್ದಾರಿ 1ರಲ್ಲಿರುವ ಆನ್ಯೊ ನುಯೇವೊ ರಾಜ್ಯ ಉದ್ಯಾನಕ್ಕೆ, ಆನೆ ಸೀಲ್‌ಗಳನ್ನು (ಗಂಡಿಗೆ ಸೊಂಡಿಲಿನಂಥ ಮೂಗಿರುವ ದೊಡ್ಡ ಕಡಲ ಸಸ್ತನಿ) ತೋರಿಸುವ ಮಾರ್ಗದರ್ಶಿ ನಡಿಗೆಗೆ ಕರೆದೊಯ್ಯಬೇಕೆಂದುಕೊಂಡಿದ್ದೇವೆ.

ಅತ್ತೆಯವರಿಗೆ ಮಂಡಿನೋವಿದೆ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ, ಆದರೆ ಮರಳಿನಲ್ಲಿ ಹೇಗೋ ತಿಳಿಯದು. ಮಗಳಿಗೆ ಆರು ವರ್ಷ. ಎರಡೂವರೆ ಗಂಟೆ ಒಬ್ಬರ ಮಾತು ಕೇಳಿಕೊಂಡು ಸಾಲಿನಲ್ಲಿ ನಡೆಯುವ ಸ್ವಭಾವದವಳಲ್ಲ. ಇನ್ನು ನಮ್ಮ ಯಜಮಾನರ ವಾದವೇ ಬೇರೆ. ದಡದ ಮೇಲೆ ಕದಲದೆ ಮಲಗಿರುವ ಪ್ರಾಣಿಯನ್ನು ನೋಡಲು ಮುಂಗಡ ಟಿಕೆಟ್, ನಿಗದಿತ ಸಮಯ, ಜೊತೆಗೊಬ್ಬ ಮಾರ್ಗದರ್ಶಿ ಇಷ್ಟೆಲ್ಲ ಏಕೆ ಬೇಕು ಎನ್ನುತ್ತಾರೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಸಾಂತಾಕ್ರೂಜ್ ನಿವಾಸಿ

ತುಂಗಾತೀರ ಅವರೇ, ನಿಮ್ಮ ಯಜಮಾನರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಸೀಲ್‌ಗಳಿರುವ ಭಾಗಕ್ಕೆ ಮಾರ್ಗದರ್ಶಿಯಿಲ್ಲದೆ ಹೋಗಲು ಬಿಡುವುದೇ ಇಲ್ಲ. ಅದು ಟಿಕೆಟ್ ಮಾರುವ ಉಪಾಯವಲ್ಲ. ದಾರಿ ಮರಳದಿಣ್ಣೆಗಳ ನಡುವೆ ಹಾದುಹೋಗುತ್ತದೆ. 14ರಿಂದ 16 ಅಡಿ ಉದ್ದದ, 2,000 ಕಿಲೋ ಮೀರಿದ ಗಂಡು ಸೀಲ್ ಒಂದು ದಿಣ್ಣೆಯ ಮರೆಯಲ್ಲಿ ಮಲಗಿದ್ದರೆ ಹತ್ತಿರ ಹೋಗುವವರೆಗೆ ಕಾಣಿಸುವುದಿಲ್ಲ. ನೋಡಲು ಜಡವಾಗಿದ್ದರೂ ಅದು ಸ್ವಲ್ಪ ದೂರವನ್ನು ಆಶ್ಚರ್ಯವಾಗುವಷ್ಟು ಚುರುಕಾಗಿ ಕ್ರಮಿಸುತ್ತದೆ. ಮಾರ್ಗದರ್ಶಿಗಳು ಸಂಬಳವಿಲ್ಲದ ಸ್ವಯಂಸೇವಕರು. ಆ ದಿನ ಯಾವ ಗಂಡು ಎಲ್ಲಿದೆ, ಯಾವುದು ಸೋತು ಸಿಟ್ಟಿನಲ್ಲಿದೆ ಎಂಬುದನ್ನು ಬೆಳಿಗ್ಗೆಯಿಂದಲೇ ಗಮನಿಸಿಕೊಂಡು ಗುಂಪನ್ನು ನಡೆಸುತ್ತಾರೆ. ಕನಿಷ್ಠ 25 ಅಡಿ ಅಂತರ ಕಾಯ್ದುಕೊಳ್ಳಬೇಕೆಂಬುದು ನಿಯಮ.

ಕದಲದೆ ಮಲಗಿರುತ್ತವೆ ಎಂಬ ಮಾತಿಗೂ ಒಂದು ವಿವರಣೆಯಿದೆ. ಈ ಪ್ರಾಣಿಗಳು ವರ್ಷದ ಬಹುಪಾಲನ್ನು ಸಮುದ್ರದಲ್ಲಿಯೇ ಕಳೆಯುತ್ತವೆ. ಹೆಣ್ಣುಗಳು ಉತ್ತರ ಪೆಸಿಫಿಕ್‌ನ ನಡುಸಮುದ್ರಕ್ಕೂ ಗಂಡುಗಳು ಅಲಾಸ್ಕಾದ ಕಡೆಯ ಕರಾವಳಿ ನೀರಿಗೂ ಹೋಗಿ ಬರುತ್ತವೆ. ಇಂಥ ಪ್ರಯಾಣ ವರ್ಷಕ್ಕೆ ಎರಡು ಸಲ. ಹಗಲು ರಾತ್ರಿಯೆನ್ನದೆ ಅರ್ಧ ಕಿಲೋಮೀಟರ್ ಆಳಕ್ಕೆ ಮುಳುಗುವುದು, ಇಪ್ಪತ್ತು ನಿಮಿಷದ ಬಳಿಕ ಮೇಲೆ ಬಂದು ಎರಡು ಮೂರು ನಿಮಿಷ ಉಸಿರಾಡುವುದು, ಮತ್ತೆ ಮುಳುಗುವುದು. 1,500 ಮೀಟರಿಗಿಂತ ಆಳಕ್ಕೆ ಹೋದ ದಾಖಲೆಗಳಿವೆ. ಇಲ್ಲಿನ ವಿಶ್ವವಿದ್ಯಾನಿಲಯದ ಸಂಶೋಧಕರು ಆನ್ಯೊ ನುಯೇವೊದ ಸೀಲ್‌ಗಳ ತಲೆಗೆ ಮಿದುಳಿನ ಅಲೆಗಳನ್ನು ದಾಖಲಿಸುವ ಉಪಕರಣ ಕಟ್ಟಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಮುದ್ರದಲ್ಲಿರುವಾಗ ಅವು ದಿನಕ್ಕೆ ಸುಮಾರು ಎರಡು ಗಂಟೆ ಮಾತ್ರ ನಿದ್ರಿಸುತ್ತವೆ. ಅದೂ ಆಳದಲ್ಲಿ, ಸುರುಳಿ ಸುತ್ತುತ್ತ ಕೆಳಗಿಳಿಯುವಾಗ, ತುಣುಕು ತುಣುಕಾಗಿ. ದಡಕ್ಕೆ ಬಂದಮೇಲೆ ಮಲಗದೆ ಇನ್ನೇನು ಮಾಡಬೇಕು ಹೇಳಿ. ಮೇಲಾಗಿ ದಡದಲ್ಲಿ ಅವಕ್ಕೆ ಊಟವಿಲ್ಲ. ದೊಡ್ಡ ಗಂಡುಗಳು ಮೂರು ತಿಂಗಳು ಏನನ್ನೂ ತಿನ್ನದೆ ಇರುತ್ತವಾದ್ದರಿಂದ, ಒಂದೊಂದು ಚಲನೆಯನ್ನೂ ಲೆಕ್ಕ ಹಾಕಿ ಖರ್ಚು ಮಾಡುತ್ತವೆ.

ಅತ್ತೆಯವರ ವಿಷಯ: ಹೋಗಿ ಬರುವುದು ಒಟ್ಟು 3ರಿಂದ 4 ಮೈಲಿ. ಮೊದಲ ಅರ್ಧ ಗಟ್ಟಿ ಮಣ್ಣಿನ ದಾರಿ, ಕೆರೆಯೊಂದರ ಪಕ್ಕದಲ್ಲಿ ಸಾಗುತ್ತದೆ. ಅನಂತರ ಗುಂಪು ಸೇರುವ ಜಾಗ ಬರುತ್ತದೆ. ಅಲ್ಲಿಂದ ಮುಂದೆ ಸಡಿಲ ಮರಳು, ಏರಿಳಿತ. ಮಂಡಿನೋವಿನವರಿಗೆ ಕಷ್ಟವಾಗುವುದು ಆ ಎರಡನೆಯ ಭಾಗವೇ. ಊರುಗೋಲು ತಂದರೆ ಒಳ್ಳೆಯದು. ಮಕ್ಕಳ ತಳ್ಳುಗಾಡಿ ಮರಳಿನಲ್ಲಿ ಉಪಯೋಗಕ್ಕೆ ಬಾರದು. ಮಳೆ ಬಂದರೂ ನಡಿಗೆ ನಡೆಯುತ್ತದೆ, ಆದರೆ ಕೊಡೆ ಬಿಚ್ಚುವಂತಿಲ್ಲ; ಮಳೆಯಂಗಿ ಬೇಕು.

ಹಳೇ ಮೈಸೂರಿಗ (ಸ್ಯಾನ್ ಲೂಯಿಸ್ ಒಬಿಸ್ಪೊ)

ಮಂಡಿನೋವು ಎಂದ ಮೇಲೆ ಬೇರೊಂದು ಸಲಹೆಯನ್ನೂ ಹೇಳಲೇಬೇಕು. ದಕ್ಷಿಣದಲ್ಲಿ, ಸ್ಯಾನ್ ಸಿಮಿಯನ್ ಊರಿನಿಂದ ಕೆಲವೇ ಮೈಲಿ ಉತ್ತರಕ್ಕೆ ಪಿಯೆಡ್ರಾಸ್ ಬ್ಲಾಂಕಾಸ್ ಎಂಬಲ್ಲಿ ಹೆದ್ದಾರಿಯ ಪಕ್ಕದಲ್ಲಿಯೇ ಆನೆ ಸೀಲ್‌ಗಳ ದೊಡ್ಡ ವಸತಿಯಿದೆ. ಟಿಕೆಟ್ ಇಲ್ಲ, ಮುಂಗಡ ಕಾದಿರಿಸುವ ಗೋಜಿಲ್ಲ, ವರ್ಷದ ಎಲ್ಲ ದಿನವೂ ತೆರೆದಿರುತ್ತದೆ. ಕಾರು ನಿಲ್ಲಿಸಿ ಹಲಗೆ ಹಾಸಿದ ಕಟ್ಟೆಯ ಮೇಲೆ ಹತ್ತು ಹೆಜ್ಜೆ ಹೋದರೆ ಕೆಳಗಿನ ಮರಳಿನಲ್ಲಿ ನೂರಾರು ಸೀಲ್‌ಗಳು. ನೀಲಿ ಜಾಕೀಟು ತೊಟ್ಟ ಸ್ವಯಂಸೇವಕರು ಅಲ್ಲಿಯೇ ನಿಂತಿರುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾರೆ. 1990ರಲ್ಲಿ ಮೊದಲ ಬಾರಿಗೆ ಕೆಲವೇ ಸೀಲ್‌ಗಳು ಅಲ್ಲಿಗೆ ಬಂದವು, 1992ರಲ್ಲಿ ಮೊದಲ ಮರಿ ಹುಟ್ಟಿತು; ಈಗ ಸಾವಿರಾರು ಬರುತ್ತವೆ. ದೂರ ಮಾತ್ರ ನಿಮಗೆ ಹೆಚ್ಚು, ಮೂರು ಗಂಟೆಗೂ ಮೀರಿದ ಪ್ರಯಾಣ. ಬಿಗ್ ಸರ್ ಕರಾವಳಿಯ ಮೂಲಕ ಬರುವ ದಾರಿ ಭೂಕುಸಿತದಿಂದ ಪದೇಪದೇ ಮುಚ್ಚುವುದರಿಂದ ಹೆದ್ದಾರಿ 101ರಲ್ಲಿ ಬನ್ನಿ.

ಸಾಂತಾಕ್ರೂಜ್ ನಿವಾಸಿ

ಪಿಯೆಡ್ರಾಸ್ ಬ್ಲಾಂಕಾಸ್ ಚೆನ್ನಾಗಿದೆ, ನಿರಾಕರಿಸುವುದಿಲ್ಲ. ಆದರೆ ಅಲ್ಲಿ ನಾವು ಮೇಲೆ, ಅವು ಕೆಳಗೆ. ಆನ್ಯೊ ನುಯೇವೊದಲ್ಲಿ ನಾವು ಅವುಗಳ ಮಟ್ಟದಲ್ಲಿ, ಅದೇ ಮರಳಿನ ಮೇಲೆ ನಿಂತಿರುತ್ತೇವೆ. ಗಂಡಿನ ಕೂಗು ಕಿವಿಗೆ ಕೇಳಿಸುವ ಮೊದಲು ಎದೆಗೆ ತಾಗುತ್ತದೆ. ಇದರ ಜೊತೆಗೆ, ಎರಡು ಗಂಟೆ ಒಬ್ಬರೇ ಮಾರ್ಗದರ್ಶಿಯೊಡನೆ ಸಾಗುವುದರಿಂದ ವಿಷಯ ಒಂದಕ್ಕೊಂದು ಕೂಡಿಕೊಂಡು ಬರುತ್ತದೆ. ನಿಮ್ಮ ಮಾವನವರಂಥವರಿಗೆ ನಾನು ಇದನ್ನೇ ಹೇಳುವೆ.

ಸಮಯದ ಬಗ್ಗೆ: ಗಂಡುಗಳು ಡಿಸೆಂಬರಿನಲ್ಲಿಯೇ ಬಂದು ಜಾಗ ಹಿಡಿಯುತ್ತವೆ, ಹೆಣ್ಣುಗಳು ಆ ತಿಂಗಳ ಕೊನೆಯಿಂದ ಬರತೊಡಗುತ್ತವೆ, ಹೆಚ್ಚಿನ ಹೆರಿಗೆಗಳು ಜನವರಿಯಲ್ಲಿ. ಫೆಬ್ರವರಿಯಲ್ಲಿ ಬೆದೆಯ ಕಾಲ. ಮಾರ್ಗದರ್ಶಿಗಳು ಅದನ್ನೆಲ್ಲ ಮುಚ್ಚುಮರೆಯಿಲ್ಲದೆ ವಿವರಿಸುತ್ತಾರಾದ್ದರಿಂದ, ಅತ್ತೆ ಮಾವನ ಪಕ್ಕದಲ್ಲಿ ನಿಂತು ಕೇಳಲು ಮುಜುಗರವೆನಿಸುವವರು ಜನವರಿಯ ಕೊನೆಯ ವಾರವನ್ನೇ ಆರಿಸಿಕೊಳ್ಳುವುದು ವಾಸಿ. ಮಾರ್ಚ್ ತಿಂಗಳಲ್ಲಿ ದೊಡ್ಡವು ಹೊರಟುಹೋಗಿ ಹಾಲು ಬಿಟ್ಟ ಮರಿಗಳಷ್ಟೇ ಉಳಿದಿರುತ್ತವೆ. ಅದೂ ನೋಡತಕ್ಕದ್ದೇ, ಆದರೆ ಮೊದಲ ಸಲಕ್ಕಲ್ಲ. ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ. ಕಾದಿರಿಸುವಿಕೆ ತೆರೆದ ದಿನವೇ ಮಾಡಿಬಿಡಿ.

ಧಾರವಾಡದ ಮೇಷ್ಟ್ರು

ನಾನು ಅಮೆರಿಕ ನೋಡಿದವನಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ಆನುವಂಶಿಕ ವೈವಿಧ್ಯದ ಪಾಠಕ್ಕೆ ಈ ಪ್ರಾಣಿಯನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ, ಆದ್ದರಿಂದ ಒಂದೆರಡು ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ದೀಪದ ಎಣ್ಣೆಗಾಗಿ, ಯಂತ್ರಗಳ ಎಣ್ಣೆಗಾಗಿ ಇವುಗಳ ಕೊಬ್ಬನ್ನು ಕರಗಿಸುತ್ತಿದ್ದರು. ದಡದಲ್ಲಿ ಓಡಿಹೋಗದೆ ಮಲಗುವ ಪ್ರಾಣಿಯನ್ನು ಕೊಲ್ಲುವುದು ಸುಲಭ. ಕೆಲವೇ ದಶಕಗಳಲ್ಲಿ ಕ್ಯಾಲಿಫೋರ್ನಿಯಾದ ತೀರವೆಲ್ಲ ಬರಿದಾಯಿತು. 1892ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗಾಗಿ ಮಾದರಿಗಳನ್ನು ಸಂಗ್ರಹಿಸಲು ಹೊರಟಿದ್ದ ತಂಡಕ್ಕೆ ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ಎಂಟು ಸೀಲ್‌ಗಳು ಕಂಡವು. ವಂಶವೇ ಅಳಿದಿದೆ ಎಂದು ನಂಬಿದ್ದ ಪ್ರಾಣಿ ಕಣ್ಣೆದುರು ಬಂದಾಗ ಆ ವಿದ್ವಾಂಸರು ಮಾಡಿದ್ದೇನೆಂದರೆ, ಎಂಟರಲ್ಲಿ ಏಳನ್ನು ಕೊಂದು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ್ದು. ಕಲಿತವರ ಬುದ್ಧಿ ಕೆಲವೊಮ್ಮೆ ಹೀಗೂ ಓಡುತ್ತದೆ.

ಅವರ ಕಣ್ಣಿಗೆ ಬೀಳದೆ ಉಳಿದವು ನೂರಕ್ಕಿಂತ ಕಡಿಮೆ ಇದ್ದಿರಬೇಕೆಂಬುದು ಈಗಿನ ಅಂದಾಜು. ಮೆಕ್ಸಿಕೋ ಸರಕಾರ 1922ರಲ್ಲಿ ರಕ್ಷಣೆ ಕೊಟ್ಟಿತು. ಅಮೆರಿಕವೂ ಅನಂತರ ಕೊಟ್ಟಿತು. ಆನ್ಯೊ ನುಯೇವೊದ ದ್ವೀಪದಲ್ಲಿ ಅವು ಮತ್ತೆ ಕಾಣಿಸಿಕೊಂಡದ್ದು 1955ರಲ್ಲಿ, ಅಲ್ಲಿ ಮೊದಲ ಮರಿ 1961ರಲ್ಲಿ, ದ್ವೀಪದಲ್ಲಿ ಜಾಗ ಸಾಲದೆ ಮುಖ್ಯಭೂಮಿಯಲ್ಲಿ ಹುಟ್ಟಿದ ಮೊದಲ ಮರಿ 1975ರಲ್ಲಿ. ಈಗ ಒಟ್ಟು ಸಂಖ್ಯೆ ಒಂದೂವರೆ ಲಕ್ಷವನ್ನು ದಾಟಿದೆ. ಆದರೆ ಇಷ್ಟೂ ಪ್ರಾಣಿಗಳು ಆ ಬೆರಳೆಣಿಕೆಯವುಗಳ ಸಂತತಿಯಾದ್ದರಿಂದ ಅವುಗಳ ನಡುವೆ ಆನುವಂಶಿಕ ವ್ಯತ್ಯಾಸ ತೀರ ಕಡಿಮೆ. ಅದರಿಂದಾಗಬಹುದಾದ ಆತಂಕ ರೋಗದ್ದು. 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದಲ್ಲಿ ಇವುಗಳ ದಕ್ಷಿಣದ ಸೋದರ ಜಾತಿಗೆ ಹಕ್ಕಿಜ್ವರ ತಗುಲಿ 17 ಸಾವಿರಕ್ಕೂ ಹೆಚ್ಚು ಮರಿಗಳು ಸತ್ತವು. ಆ ವರ್ಷ ಅಲ್ಲಿ ಹುಟ್ಟಿದ ಮರಿಗಳಲ್ಲಿ ಬದುಕಿದವು ಬಹಳ ಕಡಿಮೆ. ತುಂಗಾತೀರ ಅವರೇ, ಹೋಗಿ ಬಂದ ಮೇಲೆ ಇಲ್ಲಿ ವಿವರವಾಗಿ ಬರೆಯಿರಿ. ನಮ್ಮಂಥವರಿಗೆ ಅದೇ ದರ್ಶನ.

ತುಂಗಾತೀರ (ಸನಿವೇಲ್)

ಮೇಷ್ಟ್ರ ಅಪ್ಪಣೆಯಂತೆ ಬರೆಯುತ್ತಿದ್ದೇನೆ. ಜನವರಿ ಕೊನೆಯ ಶನಿವಾರ ಎಲ್ಲರೂ ಹೋಗಿ ಬಂದೆವು. ಹೆದ್ದಾರಿ 17ರ ತಿರುವುಗಳಲ್ಲಿ ಮಗಳಿಗೆ ವಾಂತಿ ಬರುವಂತಾಯಿತು ಎಂಬುದನ್ನು ಬಿಟ್ಟರೆ ಪ್ರಯಾಣದಲ್ಲಿ ಹೇಳುವಂಥದ್ದೇನೂ ಇಲ್ಲ. ಹಳೆಯ ಹೈನುಶಾಲೆಯ ಕಟ್ಟಡವನ್ನೇ ಸಂದರ್ಶಕರ ಕೇಂದ್ರವನ್ನಾಗಿ ಮಾಡಿದ್ದಾರೆ; ಅದನ್ನು ಕೇಳಿಯೇ ಮಾವನವರ ಮುಖ ಅರಳಿತು. ಅತ್ತೆಯವರು ಊರುಗೋಲು ಹಿಡಿದು, ನಮ್ಮವರ ತೋಳು ಹಿಡಿದು ಮರಳನ್ನು ದಾಟಿದರು. ಗುಂಪಿನ ಕೊನೆಗೆ ಉಳಿದಾಗಲೆಲ್ಲ ಮಾರ್ಗದರ್ಶಿ ನಿಂತು ಕಾದರು. ಅವರು ನಿವೃತ್ತ ಮಹಿಳೆ, ವಯಸ್ಸಿನಲ್ಲಿ ಅತ್ತೆಯವರಿಗಿಂತ ದೊಡ್ಡವರೇ ಇರಬೇಕು.

ಮೊದಲ ದಿಣ್ಣೆಯ ಆಚೆ ನಾವು ಕಂಡದ್ದು ಒಂಟಿ ಗಂಡು. ದೂರದಿಂದ ನೋಡಿದಾಗ ಸೊಂಡಿಲಿನಂಥ ಮೂಗಷ್ಟೇ ಗಮನಕ್ಕೆ ಬಂತು. ದುರ್ಬೀನಿನಲ್ಲಿ ನೋಡಿದಾಗ ಕತ್ತಿನ ಮುಂಭಾಗ ಕಾಣಿಸಿತು: ಕೂದಲಿಲ್ಲದೆ ಗುಲಾಬಿ ಬಣ್ಣಕ್ಕೆ ತಿರುಗಿದ, ಅಂಗೈದಪ್ಪ ಮಡಿಕೆಗಳು ಬಿದ್ದು ಬಿರುಕು ಬಿಟ್ಟ ಚರ್ಮ, ಅದರ ಮೇಲೆ ಹೊಸ ಕಚ್ಚುಗಾಯಗಳಿಂದ ಒಸರುತ್ತಿದ್ದ ರಕ್ತ. ವರ್ಷಗಟ್ಟಲೆ ಕಾದಾಡಿ ಆ ಭಾಗ ಗುರಾಣಿಯಾಗಿ ದಪ್ಪಗಟ್ಟುತ್ತದೆಯಂತೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸೋತು ಅಳುತ್ತಿದೆಯೇ ಎಂದು ಮಗಳು ಕೇಳಿದಳು. ಕಣ್ಣಿಗೆ ಬಿದ್ದ ಮರಳನ್ನು ತೊಳೆದುಕೊಳ್ಳುತ್ತಿದೆ ಎಂದು ಮಾರ್ಗದರ್ಶಿ ಹೇಳಿದರು. ಅದು ಮುಂಗಾಲಿನ ರೆಕ್ಕೆಯಿಂದ ಒದ್ದೆ ಮರಳನ್ನು ತೋಡಿ ತನ್ನ ಬೆನ್ನ ಮೇಲೆ ತಾನೇ ಎರಚಿಕೊಂಡಿತು. ಆಮೇಲೆ ಮಗಳು ಮನೆಗೆ ಬರುವವರೆಗೂ ಅದನ್ನೇ ಅನುಕರಿಸುತ್ತಿದ್ದಳು, ಕಾರಿನ ತುಂಬ ಮರಳು.

ನಮ್ಮ ಯಜಮಾನರ ಅನುಮಾನ ತೀರಿದ್ದು ಮುಂದಿನ ತಿರುವಿನಲ್ಲಿ. ಹೆಣ್ಣುಗಳ ದೊಡ್ಡ ಗುಂಪು, ನಡುವೆ ಒಂದು ಗಂಡು, ಎಲ್ಲವೂ ಮಲಗಿದ್ದವು. ಇಲ್ಲಿ ಏನೂ ನಡೆಯುತ್ತಿಲ್ಲ ಎಂದು ನನಗೂ ಅನಿಸಿತು. ಆಗ ಮಾರ್ಗದರ್ಶಿ ಗುಂಪಿನ ಅಂಚಿನಲ್ಲಿದ್ದ ಮತ್ತೊಂದು ಗಂಡಿನ ಕಡೆ ಕೈ ತೋರಿಸಿ, ಅದನ್ನೇ ನೋಡುತ್ತಿರಿ ಎಂದರು. ಅದು ಒಂದು ಹೆಣ್ಣಿನ ಕಡೆಗೆ ಸ್ವಲ್ಪವೇ ಜರುಗಿತು. ನಡುವಿನ ಯಜಮಾನ ಗಂಡು ಎದ್ದೂ ಏಳದೆ ತಲೆಯನ್ನಷ್ಟೇ ಹಿಂದಕ್ಕೆ ಬಾಗಿಸಿ ಮೂಗನ್ನು ಬಾಯಿಯೊಳಕ್ಕೆ ಇಳಿಬಿಟ್ಟು ಕೂಗಿತು, ಕಟಕಟನೆ ಒಂದೇ ತಾಳದಲ್ಲಿ. ಅಂಚಿನದು ತಕ್ಷಣ ಹಿಂದೆ ಸರಿಯಿತು. ಪ್ರತಿಯೊಂದು ಗಂಡಿಗೂ ತನ್ನದೇ ಲಯವಿದೆ, ಉಳಿದವು ಆ ಲಯದಿಂದಲೇ ಕೂಗಿದ್ದು ಯಾರೆಂದು ಗುರುತಿಸುತ್ತವೆ, ಒಮ್ಮೆ ಸೋತದ್ದು ಆ ಧ್ವನಿ ಕೇಳಿದರೆ ಸಾಕು ಜಾಗ ಬಿಡುತ್ತದೆ, ಹೀಗಾಗಿ ನಿಜವಾದ ಕಾದಾಟ ಅಪರೂಪ ಎಂದು ಅವರು ವಿವರಿಸಿದರು. ಇದೇ ದಡದಲ್ಲಿ ಧ್ವನಿಗಳನ್ನು ಮುದ್ರಿಸಿ, ಲಯ ಬದಲಿಸಿ ಮರಳಿ ಕೇಳಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಗಿದೆಯಂತೆ. ಅಲ್ಲಿಂದ ಮುಂದೆ ನಮ್ಮವರು ಮಾತಾಡದೆ ಮಾರ್ಗದರ್ಶಿಯ ಪಕ್ಕದಲ್ಲಿಯೇ ನಡೆದರು.

ಸ್ವಲ್ಪ ಹೊತ್ತಿನಲ್ಲಿ ಒಂದೆಡೆ ಕಡಲಹಕ್ಕಿಗಳು ಏಕಾಏಕಿ ಗುಂಪುಗೂಡಿ ಕಿರುಚಾಡತೊಡಗಿದವು. ಹೆರಿಗೆಯಾಗಿದೆ, ಹಕ್ಕಿಗಳು ಮಾಸಿಗೆ ಜಗಳವಾಡುತ್ತಿವೆ ಎಂದರು. ಹೋಗಿ ನೋಡಿದರೆ ಹಾಗೆಯೇ ಇತ್ತು: ಕಪ್ಪು ತುಪ್ಪಳದ, ದೊಡ್ಡವರ ಅಂಗಿ ತೊಡಿಸಿದಷ್ಟು ಸಡಿಲ ಚರ್ಮದ ಮರಿ. ತಾಯಿ ಮರಿಯ ಕಡೆಗೆ ಮೂತಿ ಚಾಚಿ ಕೂಗುವುದು, ಮರಿ ಉತ್ತರಿಸುವುದು, ಇದು ಬಹಳ ಹೊತ್ತು ನಡೆಯಿತು. ನೂರಾರು ಮರಿಗಳ ನಡುವೆ ಒಂದನ್ನೊಂದು ಗುರುತಿಸಲು ಈ ಮೊದಲ ಗಳಿಗೆಯ ಪರಿಚಯವೇ ಆಧಾರವಂತೆ.

ಮಾವನವರು ನನ್ನನ್ನು ದುಭಾಷಿಯನ್ನಾಗಿ ಮಾಡಿಕೊಂಡು ಹಾಲಿನ ವಿಷಯ ಕೇಳಲು ಶುರುಮಾಡಿದರು. ಗಿಣ್ಣು ಎಷ್ಟು ದಿನ, ಜಿಡ್ಡಿನ ಅಂಶ ಎಷ್ಟು, ದಿನಕ್ಕೆ ತೂಕ ಎಷ್ಟು ಏರುತ್ತದೆ ಇತ್ಯಾದಿ. ಹೆರಿಗೆಯ ಹೊಸತರಲ್ಲಿ ಜಿಡ್ಡು ಕಡಿಮೆ, ದಿನ ಕಳೆದಂತೆ ಏರುತ್ತ ಶೇಕಡಾ 50ನ್ನು ದಾಟುತ್ತದೆ ಎಂದು ತಿಳಿದಾಗ ಅವರು ನಂಬಲಾರದೆ ಎರಡು ಸಲ ಕೇಳಿದರು. ಎಮ್ಮೆಹಾಲಿನಲ್ಲಿ ಏಳೋ ಎಂಟೋ ಇದ್ದರೆ ಡೈರಿಯಲ್ಲಿ ಒಳ್ಳೆಯ ದರ ಸಿಗುತ್ತದೆ ಎಂಬುದು ಅವರ ಲೆಕ್ಕ. ಹುಟ್ಟುವಾಗ ಸುಮಾರು 35 ಕಿಲೋ ಇರುವ ಮರಿ ನಾಲ್ಕು ವಾರಗಳೊಳಗೆ 110ರಿಂದ 130 ಕಿಲೋ ಆಗುತ್ತದೆ. ಅಷ್ಟೂ ದಿನ ತಾಯಿ ಏನೂ ತಿನ್ನುವುದಿಲ್ಲ, ತನ್ನ ತೂಕದ ಮೂರನೆಯ ಒಂದು ಭಾಗದಷ್ಟನ್ನು ಕಳೆದುಕೊಂಡು, ಒಂದು ದಿನ ಮರಿಯನ್ನು ಅಲ್ಲಿಯೇ ಬಿಟ್ಟು ಸಮುದ್ರಕ್ಕೆ ಹೊರಟುಹೋಗುತ್ತದೆ. ಇದನ್ನು ಅನುವಾದಿಸಿದಾಗ ಅತ್ತೆಯವರು ಅಲ್ಲಿಯೇ ನಿಂತುಬಿಟ್ಟರು. "ಬಾಣಂತಿ ತಿಂಗಳುಗಟ್ಟಲೆ ಒಂದು ತುತ್ತೂ ತಿನ್ನದೆ ಹಾಲೂಡಿಸುವುದೇ? ಯಾರಿಗೆ ಬೇಕಪ್ಪ ಆ ಜನ್ಮ!" ಎಂದರು. ಮಾರ್ಗದರ್ಶಿ ಏನೆಂದು ಕೇಳಿದಾಗ ನಾನು ಹೇಳಿದೆ. ಅವರು ಅತ್ತೆಯವರ ಕೈ ಹಿಡಿದು ಜೋರಾಗಿ ನಕ್ಕರು.

ತುದಿಯಲ್ಲಿ ನಿಂತರೆ ಎದುರಿಗೆ ದ್ವೀಪ ಕಾಣುತ್ತದೆ. ಅಲ್ಲಿ ದೀಪಸ್ತಂಭದ ಕಾವಲುಗಾರರ ಹಳೆಯ ಮನೆಯಿದೆ. 1948ರಲ್ಲಿ ಜನ ಬಿಟ್ಟುಹೋದ ಮೇಲೆ ಸಮುದ್ರಸಿಂಹಗಳು ಒಳಹೊಕ್ಕು ವಾಸಿಸುತ್ತಿವೆ. ಮಗಳಿಗೆ ಇಡೀ ದಿನದಲ್ಲಿ ಅತ್ಯಂತ ಹಿಡಿಸಿದ್ದು ಈ ಸಂಗತಿ.

ಒಂದು ವಿಷಯ ಮಾತ್ರ ನಮ್ಮನ್ನು ಕಾಡಿತು. ವಾಪಸು ಬರುವಾಗ ಒಂದು ಮರಿ ತಾಯಿಯಿಂದ ಅಗಲಿ ಗುಂಪಿನ ಹೊರಗೆ ಕೂಗುತ್ತ ತೆವಳುತ್ತಿತ್ತು. ಹತ್ತಿರ ಹೋದ ಹೆಣ್ಣುಗಳೆಲ್ಲ ಅದನ್ನು ಕಚ್ಚಿ ಅಟ್ಟಿದವು. ಸಕ್ರೆಬೈಲು ಆನೆ ಶಿಬಿರವನ್ನು ವರ್ಷಗಳಿಂದ ಹತ್ತಿರದಿಂದ ಬಲ್ಲ ಮಾವನವರು, ನಮ್ಮ ಕಡೆ ಕಾಡಾನೆಯ ಮರಿ ಹಿಂಡಿನಿಂದ ತಪ್ಪಿದರೆ ಅರಣ್ಯ ಇಲಾಖೆಯವರು ಮತ್ತೆ ಹಿಂಡಿಗೆ ಸೇರಿಸಲು ಪ್ರಯತ್ನಪಡುತ್ತಾರಲ್ಲ, ಇವರೇಕೆ ನೋಡಿಕೊಂಡು ಸುಮ್ಮನಿದ್ದಾರೆ ಎಂದು ಕೇಳಿದರು. ನಾವು ಮುಟ್ಟುವುದಿಲ್ಲ, ಅದು ನಿಯಮ ಎಂದಷ್ಟೇ ಉತ್ತರ ಬಂತು. ಅಷ್ಟರಲ್ಲಿ ಒಂದು ಗಂಡು ದಾರಿಯ ಕಡೆ ಬರುತ್ತಿದ್ದುದರಿಂದ ಗುಂಪನ್ನು ಬೇಗ ಸರಿಸಬೇಕಾಯಿತು. ಕಾರಿನಲ್ಲಿ ಬರುವಾಗ ಅತ್ತೆಯವರು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

ಕೊಡಗಿನ ಕಾಫಿ

ನಿಮ್ಮ ಮಾವನವರು ಕೇಳಿದ್ದು ಸರಿಯಾಗಿಯೇ ಇದೆ. ನಿಯಮ ಎಂದರೆ ಉತ್ತರವಾಗುವುದಿಲ್ಲ. ದಿನವೂ ಗುಂಪು ಗುಂಪಾಗಿ ಜನರನ್ನು ಕರೆತಂದು ನೋಡಲು ಬಿಡುವವರು, ಹಸಿದ ಮರಿಯನ್ನು ಎತ್ತಿ ತಾಯಿಯ ಬಳಿ ಬಿಡುವುದನ್ನು ಮಾತ್ರ ಹಸ್ತಕ್ಷೇಪ ಎನ್ನುವುದು ವಿಚಿತ್ರ. ಒಂದು ಕಾಲಕ್ಕೆ ಆ ಪ್ರಾಣಿಯ ಕುಲವನ್ನೇ ಅಳಿಸಲು ಹೊರಟವರು ಮನುಷ್ಯರಾದ ಮೇಲೆ ಒಂದು ಮರಿಯನ್ನು ಉಳಿಸುವ ಋಣವಾದರೂ ಇರಬೇಡವೇ?

ಸಾಂತಾಕ್ರೂಜ್ ನಿವಾಸಿ

ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಆ ಜಾಗದಲ್ಲಿ ನಿಂತು ಯೋಚಿಸಿ. 1972ರ ಸಮುದ್ರ ಸಸ್ತನಿ ರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಯಾರೂ ಅವುಗಳನ್ನು ಮುಟ್ಟುವಂತಿಲ್ಲ ಎಂಬುದು ಒಂದು. ಮುಖ್ಯವಾದ ಕಾರಣ ಬೇರೆ. ಆ ಮರಿಯನ್ನು ಎತ್ತಬೇಕಾದರೆ ಹೆಣ್ಣುಗಳ ಗುಂಪಿನೊಳಗೆ ಜನ ಹೋಗಬೇಕು. ಹೆಣ್ಣುಗಳು ಬೆದರಿ ಚದುರುತ್ತವೆ, ಅವನ್ನು ತಡೆಯಲು ಯಜಮಾನ ಗಂಡು ನುಗ್ಗುತ್ತದೆ, ಎರಡು ಟನ್ ತೂಕ ದಾರಿಯಲ್ಲಿರುವ ಮರಿಗಳ ಮೇಲೆ ಹಾದುಹೋಗುತ್ತದೆ. ಒಂದನ್ನು ಸೇರಿಸಲು ಹೋಗಿ ಇನ್ನಷ್ಟು ತಾಯಿಮರಿಗಳನ್ನು ಅಗಲಿಸಿದಂತಾಗುತ್ತದೆ. ಇದಲ್ಲದೆ, ಯಾವ ತಾಯಿಗೆ ಸೇರಿಸುವುದು? ಅದು ತಾಯಿಗೂ ಮರಿಗೂ ಮಾತ್ರ ತಿಳಿದಿರುವ ವಿಷಯ.

ಕೆಲವು ಮರಿಗಳಿಗೆ ದಾರಿ ಸಿಗುತ್ತದೆ ಎಂಬುದನ್ನೂ ಹೇಳಬೇಕು. ಮರಿ ಕಳೆದುಕೊಂಡ ಹೆಣ್ಣು ಒಮ್ಮೊಮ್ಮೆ ಅನಾಥ ಮರಿಗೆ ಹಾಲೂಡಿಸುತ್ತದೆ. ಮಲಗಿರುವ ತಾಯಂದಿರ ಹಾಲು ಕದ್ದು ಬೆಳೆಯುವ ಕಿಲಾಡಿ ಮರಿಗಳೂ ಇವೆ. ಇಬ್ಬರು ತಾಯಂದಿರ ಹಾಲು ದಕ್ಕಿದರೆ ಉಳಿದವುಗಳ ಎರಡರಷ್ಟು ತೂಗುತ್ತವೆ. ಗುಂಪಿನಿಂದ ದೂರ, ಬೇರೆ ತೀರಗಳಲ್ಲಿ ಒಂಟಿಯಾಗಿ ಬಳಲಿ ಬಿದ್ದಿರುವ ಮರಿಗಳನ್ನು ಸಾಸಲಿಟೊ ಬಳಿಯ ಸಮುದ್ರ ಸಸ್ತನಿ ಕೇಂದ್ರದವರು ಪ್ರತಿ ವರ್ಷವೂ ಒಯ್ದು ಆರೈಕೆ ಮಾಡಿ ಮರಳಿ ಬಿಡುತ್ತಾರೆ. ಅಂದರೆ ಕೈಕಟ್ಟಿ ಕುಳಿತಿಲ್ಲ. ಎಲ್ಲಿ ಕೈ ಹಾಕಿದರೆ ಹಾನಿ ಹೆಚ್ಚೋ ಅಲ್ಲಿ ಹಾಕುವುದಿಲ್ಲ.

ಧಾರವಾಡದ ಮೇಷ್ಟ್ರು

ಆನೆಯ ಹೋಲಿಕೆ ಬಂದಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಕಾಡಾನೆಯ ಹಿಂಡು ಎಂದರೆ ಅಜ್ಜಿ, ತಾಯಿ, ಚಿಕ್ಕಮ್ಮ ಎಲ್ಲ ಇರುವ ಒಂದು ಸಂಸಾರ. ಮರಿಯನ್ನು ಹಿಂಡಿನ ಬಳಿ ಬಿಟ್ಟರೆ ತಾಯಿಯಲ್ಲದಿದ್ದರೂ ಇನ್ನೊಬ್ಬರು ಕಾಲಡಿಗೆ ಎಳೆದುಕೊಳ್ಳುವ ಸಾಧ್ಯತೆಯಿದೆ, ಅದಕ್ಕಾಗಿಯೇ ನಮ್ಮ ಇಲಾಖೆಯವರ ಪ್ರಯತ್ನಕ್ಕೆ ಅರ್ಥವಿದೆ. ಅದೂ ಎಷ್ಟೋ ಸಲ ಫಲಿಸದೆ ಮರಿಯನ್ನು ಶಿಬಿರದಲ್ಲಿ ಸಾಕಬೇಕಾಗುತ್ತದೆ. ಆನೆ ಸೀಲ್‌ಗಳ ಗುಂಪು ಸಂಸಾರವಲ್ಲ; ಹೆರಿಗೆಗೆ ಒಂದೇ ಕಡೆ ಬಂದು ಮಲಗಿರುವ ಪರಸ್ಪರ ಅಪರಿಚಿತರು. ಒಡಲಲ್ಲಿರುವ ಕೊಬ್ಬು ತನ್ನ ಮರಿಗೇ ಸಾಲುವಷ್ಟಿರುವಾಗ ಬೇರೆ ಮರಿ ಬಂದರೆ ಕಚ್ಚುತ್ತದೆ. ಅದನ್ನು ಕ್ರೌರ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಎಲ್ಲವನ್ನೂ ಲೆಕ್ಕಾಚಾರಕ್ಕೆ ಇಳಿಸಲೂ ಬರುವುದಿಲ್ಲ. 2022ರ ಜನವರಿಯಲ್ಲಿ ಉತ್ತರದ ಪಾಯಿಂಟ್ ರೇಸ್ ತೀರದಲ್ಲಿ ಅಲೆಗೆ ಸಿಕ್ಕಿ ಕೊಚ್ಚಿಹೋಗುತ್ತಿದ್ದ ಮರಿಯೊಂದನ್ನು ಯಜಮಾನ ಗಂಡೊಂದು ಹಿಂಬಾಲಿಸಿ ಈಜಿ, ತನ್ನ ಮೈಯಿಂದ ದಡದ ಕಡೆಗೆ ತಳ್ಳಿಕೊಂಡು ಬಂದುದನ್ನು ಸಂಶೋಧಕರು ಕಂಡು ದಾಖಲಿಸಿದ್ದಾರೆ. ಮರಿಗಳನ್ನು ತುಳಿಯುವುದಕ್ಕೇ ಹೆಸರಾದ ಗಂಡು ಹಾಗೇಕೆ ಮಾಡಿತು ಎಂಬುದಕ್ಕೆ ನನ್ನ ಬಳಿ ಇರುವುದು ಊಹೆಗಳಷ್ಟೇ. ಮಾವನವರಿಗೆ ಇದನ್ನು ಓದಿ ಹೇಳಿ.

ಕೊಡಗಿನ ಕಾಫಿ

ಗುಂಪಿನೊಳಗೆ ನುಗ್ಗಿದರೆ ಹೆಚ್ಚು ಮರಿಗಳು ಸಾಯುತ್ತವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಗುಂಪಿನಿಂದ ಹೊರಗೆ ಬಂದುಬಿಟ್ಟ ಮರಿಯ ವಿಷಯದಲ್ಲಿ ನನಗೆ ಇನ್ನೂ ಸಮಾಧಾನವಾಗಿಲ್ಲ. ಕನಿಷ್ಠಪಕ್ಷ ಈ ಕಾರಣಗಳನ್ನು ನಡಿಗೆ ಶುರುವಾಗುವ ಮೊದಲೇ ಹೇಳಬೇಕು, ಮಕ್ಕಳಿರುವ ಗುಂಪಿಗಂತೂ ಖಂಡಿತ.

ಸಾಂತಾಕ್ರೂಜ್ ನಿವಾಸಿ

ಆ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಕೆಲವು ಮಾರ್ಗದರ್ಶಿಗಳು ಮೊದಲೇ ಹೇಳುತ್ತಾರೆ, ಕೆಲವರು ಯಾರಾದರೂ ಕೇಳಲಿ ಎಂದು ಕಾಯುತ್ತಾರೆ. ಮಕ್ಕಳನ್ನು ಕರೆದೊಯ್ಯುವವರು ಮನೆಯಲ್ಲಿಯೇ ಒಂದು ಮಾತು ಹೇಳಿ ಹೊರಡುವುದು ಒಳ್ಳೆಯದು: ಸತ್ತ ಮರಿಗಳು ಕಣ್ಣಿಗೆ ಬೀಳಬಹುದು.

ತುಂಗಾತೀರ (ಸನಿವೇಲ್)

ಎಲ್ಲವನ್ನೂ ಮಾವನವರಿಗೆ ಓದಿ ಹೇಳಿದೆ. ಎರಡನೆಯ ಕಾರಣ, ಅಂದರೆ ಗಂಡು ನುಗ್ಗುವ ವಿಷಯ, ಅವರಿಗೆ ಪೂರ್ತಿ ಒಪ್ಪಿಗೆಯಾಯಿತು. ಅತ್ತೆಯವರಿಗೆ ಆಗಿಲ್ಲ. ಪಾಯಿಂಟ್ ರೇಸ್‌ನ ಗಂಡಿನ ಕಥೆಯನ್ನು ಮಾತ್ರ ಅವರು ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದಾರೆ. ದಿನದಿಂದ ದಿನಕ್ಕೆ ಅಲೆ ದೊಡ್ಡದಾಗುತ್ತಿದೆ.

ನಂಜನಗೂಡು ರಸಬಾಳೆ (ಫ್ರೀಮಾಂಟ್)

ಬಹಳ ಉಪಯುಕ್ತ ಚರ್ಚೆ. ನಮ್ಮ ತಂದೆಯವರು ಗಾಲಿಕುರ್ಚಿಯಲ್ಲಿದ್ದಾರೆ, ಫೆಬ್ರವರಿಯಲ್ಲಿ ಬರುತ್ತಾರೆ. ಅವರಿಗೆ ಆನ್ಯೊ ನುಯೇವೊ ಸಾಧ್ಯವೇ, ಅಥವಾ ದಕ್ಷಿಣಕ್ಕೆ ಹೋಗುವುದೇ ಸರಿಯೇ?

ಸಾಂತಾಕ್ರೂಜ್ ನಿವಾಸಿ

ಸಾಧ್ಯವಿದೆ. ಮರಳಿನ ಮೇಲೆ ನಡೆಯಲಾಗದವರಿಗಾಗಿ ಉದ್ಯಾನದವರು ಬೇರೆಯೇ ನಡಿಗೆ ಇಟ್ಟಿದ್ದಾರೆ. ಸೀಲ್‌ಗಳು ಕಾಣುವ ಒಂದು ಕಡೆಗೆ ಮರದ ಹಲಗೆಯ ದಾರಿ ಹಾಕಿದ್ದಾರೆ. ಅದಕ್ಕೆ ಸಾಮಾನ್ಯ ಟಿಕೆಟ್ ನಡೆಯುವುದಿಲ್ಲ, ಪ್ರತ್ಯೇಕವಾಗಿ ಕಾದಿರಿಸಬೇಕು, ಸ್ಥಳಗಳು ಕಡಿಮೆ. ಉದ್ಯಾನಕ್ಕೆ ಮುಂಚಿತವಾಗಿ ಫೋನ್ ಮಾಡಿ, ಜೊತೆಗೆ ಎಷ್ಟು ಜನ ಬರಬಹುದೆಂದು ಅವರಿಂದಲೇ ಕೇಳಿಕೊಳ್ಳಿ. ತಂದೆಯವರು ಕುಳಿತೇ ಇರುವುದರಿಂದ ನಡೆಯುವವರಿಗಿಂತ ಹೆಚ್ಚು ಚಳಿಯಾಗುತ್ತದೆ. ಬಿಸಿಲಿದ್ದರೂ ಕಿವಿ ಮುಚ್ಚುವ ಟೋಪಿ, ಕಾಲಿಗೆ ಕಂಬಳಿ ಇರಲಿ. ಅಲ್ಲಿ ಮೊಬೈಲ್ ಸಂಪರ್ಕ ಸರಿಯಾಗಿ ಸಿಗುವುದಿಲ್ಲ, ಆದ್ದರಿಂದ ಕಾದಿರಿಸಿದ ಚೀಟಿಯನ್ನು ಮನೆಯಲ್ಲಿಯೇ ಮುದ್ರಿಸಿಕೊಂಡು ಹೊರಡಿ. ನಾಯಿಯನ್ನು ಕಾರಿನಲ್ಲಿ ಕೂಡಿಹಾಕಿ ಹೋಗಲೂ ಅವಕಾಶವಿಲ್ಲ. ಮನೆಯಲ್ಲಿ ನಾಯಿಯಿದ್ದರೆ ಬೇರೆ ವ್ಯವಸ್ಥೆ ಮಾಡಿ ಬನ್ನಿ.